ಉಕ್ಕಿನ ಮೇಲಿನ ಶಾಸನ

ಚುನಾವಣೆಯ ದಿನಾಂಕ ಘೋಷಣೆಯಾಯಿತೆಂದರೆ ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯಲ್ಲೂ, ರಾಜ್ಯದ ಉಳಿದ ಕಡೆಯಂತೆ, ಲೈಸೆನ್ಸ್ ಇರುವ ಆಯುಧಗಳು ಮನೆ ಬಿಟ್ಟು ಠಾಣೆಯ ಹಾದಿ ಹಿಡಿಯಬೇಕು. ಬೆಳೆ ಕಾಯಲೆಂದು ಇಟ್ಟುಕೊಂಡ ಕೋವಿ ಹೋಗುತ್ತದೆ. ತಾತನ ಕಾಲದ ರಿವಾಲ್ವರ್ ಯಾರ ಬೀರುವಿನಲ್ಲಾದರೂ ಇದ್ದರೆ ಅದೂ ಹೋಗಬೇಕು. ಆಯುಧದ ಬಗೆ, ಅಳತೆ, ನಂಬರು, ಲೈಸೆನ್ಸ್‌ದಾರನ ಹೆಸರು ಬರೆದ ರಸೀದಿ ಕೈಗೆ ಬರುತ್ತದೆ. ಮತ ಎಣಿಕೆ ಮುಗಿದ ಮೇಲೆ ರಸೀದಿ ತೋರಿಸಿ ವಾಪಸ್ ತರಬಹುದು. ಆದರೆ ಎಲ್ಲವೂ ವಾಪಸ್ ಬರುವುದಿಲ್ಲ. ಲೈಸೆನ್ಸ್ ಇದ್ದವರು ತೀರಿಕೊಂಡಿರುತ್ತಾರೆ. ಊರು ಬಿಟ್ಟ ಮಕ್ಕಳಿಗೆ ಆ ಕಬ್ಬಿಣದ ಉಸಾಬರಿ ಬೇಡವಾಗಿರುತ್ತದೆ. ಹಾಗೆ ಉಳಿದ ಆಯುಧ ನಿಗದಿತ ಅವಧಿ ಮೀರಿದರೆ, ಶಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಯ ಆದೇಶದಿಂದ ಸರ್ಕಾರದ ಸ್ವತ್ತಾಗುತ್ತದೆ. ಅಲ್ಲಿಂದ ಮುಂದೆ ಅದಕ್ಕಿರುವ ದಾರಿ ಬಹುಮಟ್ಟಿಗೆ ಎರಡೇ: ಉಗ್ರಾಣ ಇಲ್ಲವೇ ಕುಲುಮೆ. ಈ ಲೇಖನದ ವಾದ ಆ ಘಳಿಗೆಯ ಬಗ್ಗೆ. ನೂರು ವರ್ಷ ದಾಟಿದ ರಿವಾಲ್ವರ್ ಒಂದು ಆಯುಧ ಹೌದು. ಆದರೆ ಅಷ್ಟೇ ಮಟ್ಟಿಗೆ ಅದೊಂದು ದಾಖಲೆ. ಓದದೆ ಅದನ್ನು ಕರಗಿಸುವುದು ಓದದೆ ಕಡತ ಸುಟ್ಟಂತೆ.

ಬೇರೊಂದು ವಸ್ತುವಿನ ವಿಷಯದಲ್ಲಿ ಈ ಸೀಮೆ ಈ ಪಾಠವನ್ನು ಆಗಲೇ ಕಲಿತಿದೆ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಆಗಿನ ಚಿತ್ರದುರ್ಗ ಜಿಲ್ಲೆಗೆ ಮೀಸಲು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಜಗಳೂರು ಆಗ ಅದರೊಳಗೇ ಇತ್ತು, ಇಲ್ಲಿನ ಕಲ್ಲುಗಳ ಪಾಠವೂ ಆ ಸಂಪುಟದಲ್ಲಿದೆ. ಶಾಸನದ ಕಲ್ಲು ಕೆರೆ ತೂಬಿಗೆ, ಮನೆಯ ಮೆಟ್ಟಿಲಿಗೆ, ಬಟ್ಟೆ ಒಗೆಯುವುದಕ್ಕೆ ಬಳಕೆಯಾಗುತ್ತಿದ್ದ ಕಾಲದಲ್ಲಿ ಅದರ ಅಚ್ಚು ತೆಗೆದು ಓದಿದ್ದರಿಂದಲೇ ಊರೂರಿನ ದಾನ, ದಂಡು, ತುರುಗಾಳಗಗಳ ಲೆಕ್ಕ ನಮಗೆ ಸಿಕ್ಕಿದ್ದು. ಆಮೇಲೆ ಒಡೆದುಹೋದ ಕಲ್ಲಿನ ಮಾತೂ ಪುಸ್ತಕದಲ್ಲಿ ಉಳಿಯಿತು. ವೀರಗಲ್ಲಿನಲ್ಲಿ ಕೆತ್ತಿದ ಬಿಲ್ಲು ಬಾಣ, ಕತ್ತಿ ಗುರಾಣಿಗಳನ್ನು ನಾವು ಆಯುಧವೆಂದು ಹೆದರದೆ ಕಾಲದ ಗುರುತೆಂದು ನೋಡುತ್ತೇವೆ. ರಿವಾಲ್ವರ್‌ನ ಮೈಮೇಲೂ ಬರಹವಿದೆ. ಅದಕ್ಕೂ ಲಿಪಿಯಿದೆ, ವ್ಯಾಕರಣವಿದೆ, ಕಾಲನಿರ್ಣಯದ ಕ್ರಮವಿದೆ.

ಆ ಲಿಪಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಸುತ್ತುವ ಸಿಲಿಂಡರಿನ ಕೈಬಂದೂಕಿಗೆ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಪೇಟೆಂಟ್ ಪಡೆದದ್ದು 1836ರಲ್ಲಿ. 1851ರಲ್ಲಿ ಇಂಗ್ಲೆಂಡಿನ ರಾಬರ್ಟ್ ಆ್ಯಡಮ್ಸ್ ತನ್ನದೇ ಬಗೆಯನ್ನು ತಂದ. ಕುದುರೆಯನ್ನು (ಹ್ಯಾಮರ್) ಹೆಬ್ಬೆರಳಿನಿಂದ ಎಳೆಯಬೇಕಾಗಿರಲಿಲ್ಲ, ಟ್ರಿಗರ್ ಒತ್ತಿದರೆ ತಾನೇ ಏಳುತ್ತಿತ್ತು. 1857ರ ದಂಗೆಯ ಹೊತ್ತಿಗೆ ಕಂಪನಿಯ ಹಲವು ಅಧಿಕಾರಿಗಳ ಸೊಂಟದಲ್ಲಿ ಈ ಎರಡು ಮನೆತನದ ರಿವಾಲ್ವರ್‌ಗಳಿದ್ದವು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಾರ್ಖಾನೆಯ .455 ಅಳತೆಯ ರಿವಾಲ್ವರನ್ನು ಬ್ರಿಟಿಷ್ ಸೇನೆ 1887ರಲ್ಲಿ ಸ್ವೀಕರಿಸಿತು. ನಡುವೆ ಮಡಚಿದರೆ ಸಿಲಿಂಡರ್ ಬಾಯಿ ತೆರೆದು ಖಾಲಿ ತೋಟಾಗಳನ್ನು ಒಟ್ಟಿಗೆ ಹೊರಗೆಸೆಯುವ ಆ ವಿನ್ಯಾಸ ಒಂದೊಂದೇ ತಿದ್ದುಪಡಿಯೊಂದಿಗೆ 1915ರ ಆರನೇ ಮಾದರಿಯವರೆಗೆ ನಡೆದುಬಂತು. 1932ರಲ್ಲಿ ಸೇನೆ .38 ಅಳತೆಯ ಎನ್‌ಫೀಲ್ಡ್‌ಗೆ ಇಳಿಯಿತು. ಹಿಡಿಯ ಆಕಾರ, ನಳಿಗೆಯ ಉದ್ದ, ತಿರುಪಿನ ಜಾಗ ನೋಡಿಯೇ ಬಲ್ಲವರು ಮಾದರಿ ಹೇಳುತ್ತಾರೆ. ನಳಿಗೆ ಮತ್ತು ಸಿಲಿಂಡರಿನ ಮೇಲಿನ ಕಿರೀಟದ ಮುದ್ರೆಗಳು ಅದನ್ನು ಯಾವ ಪರೀಕ್ಷಾಲಯದಲ್ಲಿ ಹೊಡೆದು ನೋಡಿ ಪಾಸು ಮಾಡಿದರೆಂದು ತಿಳಿಸುತ್ತವೆ. ಬಾಣದ ಗುರುತು ಸರ್ಕಾರಿ ಸ್ವತ್ತಿನದು. ಬಾಣದ ಕೆಳಗೆ ರೋಮನ್ ಲಿಪಿಯ ಐ ಅಕ್ಷರವಿದ್ದರೆ ಅದು ಭಾರತದ ಸೇವೆಗೆ ಬಂದದ್ದು. ನಳಿಗೆಯ ನೆತ್ತಿಯ ಮೇಲೆ ಅಂಗಡಿಯ ಹೆಸರು ಕೆತ್ತಿದ್ದರೆ ದಾರಿ ಇನ್ನೂ ಸ್ಪಷ್ಟ: ಮ್ಯಾಂಟನ್ ಅಥವಾ ರೊಡ್ಡ ಎಂದಿದ್ದರೆ ಕಲ್ಕತ್ತೆ, ಪಿ. ಓರ್ ಅಂಡ್ ಸನ್ಸ್ ಎಂದಿದ್ದರೆ ಮದ್ರಾಸು. ಗಡಿಯಾರಕ್ಕೆ ಹೆಸರಾದ ಓರ್ ಅಂಗಡಿ ಕೋವಿಗಳನ್ನೂ ಮಾರಿತ್ತು. ರೊಡ್ಡ ಕಂಪನಿಯ ಹೆಸರಂತೂ ಸ್ವಾತಂತ್ರ್ಯ ಹೋರಾಟದ ಪುಟ ಸೇರಿದೆ; 1914ರ ಆಗಸ್ಟ್‌ನಲ್ಲಿ ಬಂಗಾಳದ ಕ್ರಾಂತಿಕಾರಿಗಳು ಅದರ ಸರಕಿನಿಂದ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಹಾರಿಸಿಕೊಂಡು ಹೋಗಿದ್ದರು.

ಸೊಕ್ಕೆಯಂಥ ಊರಿಗೆ ಈ ಅಂಗಡಿಯ ಹೆಸರು ಯಾಕೆ ಮುಖ್ಯವೆಂದರೆ, ಇದು ಗಡಿಯ ಸೀಮೆ. ಜಗಳೂರು ಆಗ ಮೈಸೂರು ಸಂಸ್ಥಾನದ್ದು. ಪಕ್ಕದ ಕೂಡ್ಲಿಗಿ 1953ರವರೆಗೆ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯದು. ನೆಂಟಸ್ತಿಕೆ, ಸಂತೆ, ಜಾತ್ರೆಗಳಿಗೆ ಆ ಗೆರೆ ಇರಲೇ ಇಲ್ಲ. ಸುಂಕ, ಠಾಣೆ, ಕಚೇರಿಗಳಿಗೆ ಮಾತ್ರ ಇತ್ತು. ಇಂಥ ಕಡೆ ಒಂದು ಹಳೆಯ ರಿವಾಲ್ವರ್ ಯಾವ ಊರಿನ ಅಂಗಡಿಯದು, ಯಾವ ವರ್ಷದ್ದು, ಸೇನೆಯದೋ ಖಾಸಗಿಯದೋ ಎನ್ನುವುದು ಗೊತ್ತಾದರೆ ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತು, ಅಧಿಕಾರದ ಗತ್ತು ಯಾರ ಮನೆಯಲ್ಲಿತ್ತು ಎಂಬುದರ ಸುಳಿವು ಸಿಗುತ್ತದೆ. ಕಂದಾಯದ ಕಡತ ಹೇಳದ ಸಂಗತಿ ಅದು.

ನಂಬರಿಗೆ ಇಷ್ಟೊಂದು ಬೆಲೆ ಕೊಡಬೇಕೆ ಎಂದು ಕೇಳುವವರಿಗೆ ಭಗತ್ ಸಿಂಗ್ ಅವರ ಪಿಸ್ತೂಲು ಉತ್ತರ ಕೊಡುತ್ತದೆ. ಪೊಲೀಸ್ ಅಧಿಕಾರಿ ಸ್ಯಾಂಡರ್ಸ್ ಹತ್ಯೆಗೆ ಬಳಸಿದ .32 ಕೋಲ್ಟ್ ದಶಕಗಟ್ಟಲೆ ಕಣ್ಮರೆಯಾಗಿತ್ತು. ಪಂಜಾಬಿನ ಫಿಲ್ಲೌರ್‌ನ ಪೊಲೀಸ್ ಅಕಾಡೆಮಿಯಿಂದ 1969ರಲ್ಲಿ ಇತರ ಆಯುಧಗಳ ಜೊತೆ ಅದು ಇಂದೋರಿನ ಗಡಿ ಭದ್ರತಾ ಪಡೆಯ ಶಾಲೆಗೆ ಹೋಗಿ, ಕಪ್ಪು ಬಣ್ಣ ಬಳಿಸಿಕೊಂಡು ಸಾಲಿನಲ್ಲಿ ಒಂದಾಗಿ ಕೂತಿತ್ತು. ಬಣ್ಣ ಕೆರೆದಾಗ ಕಾಣಿಸಿದ 168896 ಎಂಬ ಸಂಖ್ಯೆ ನ್ಯಾಯಾಲಯದ ದಾಖಲೆಗೆ ಸರಿಹೊಂದಿತು. ಯಾವನೋ ಒಬ್ಬ ಗುಮಾಸ್ತ ಆ ಆರಂಕಿಯನ್ನು ಸರಿಯಾಗಿ ಬರೆದಿಟ್ಟದ್ದರಿಂದ, ಯಾರೂ ಅದನ್ನು ಕುಲುಮೆಗೆ ಹಾಕದೆ ಇದ್ದದ್ದರಿಂದ ಅದು ಉಳಿಯಿತು. ಉಧಮ್ ಸಿಂಗ್ 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಪಂಜಾಬಿನ ಮಾಜಿ ಲೆಫ್ಟಿನೆಂಟ್ ಗವರ್ನರ್ ಓಡ್ವೈಯರನನ್ನು ಕೊಂದದ್ದು ಸ್ಮಿತ್ ಅಂಡ್ ವೆಸನ್ ರಿವಾಲ್ವರಿನಿಂದ. ಅದನ್ನು ಪರೀಕ್ಷಿಸಿದ್ದರಿಂದಲೇ, ಹಾಕಿದ್ದ ತೋಟಾಗಳು ಹಳೆಯವು, ರಿವಾಲ್ವರಿನ ಅಳತೆಗಿಂತ ಚಿಕ್ಕವು ಎಂಬುದು ತಿಳಿಯಿತು; ಗುಂಡು ತಗುಲಿದ ಉಳಿದ ಮೂವರು ಬದುಕಿದ್ದಕ್ಕೆ ಅದೇ ಕಾರಣವಿರಬೇಕು. ಸರಿಯಾದ ತೋಟಾ ಸಿಗದ ಒಬ್ಬ ಬಡ ವಲಸಿಗನ ಪಾಡು ಆ ಉಕ್ಕಿನ ಸಂದಿಯಲ್ಲಿ ಉಳಿದಿದೆ. ಅದನ್ನು ಇಟ್ಟುಕೊಂಡಿರುವುದು ಲಂಡನ್ ಪೊಲೀಸರು.

ನಮ್ಮ ನಾಡಿನ ಕಡೆ ತಿರುಗಿದರೆ ನೋವಾಗುತ್ತದೆ. ದೇಶದ ಆಯುಧ ಕಾನೂನಿನ ಮೊದಲ ಬಲಿಗಳಲ್ಲಿ ಕನ್ನಡದ ಊರೊಂದಿದೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯಡಿ ಆಯುಧ ಒಪ್ಪಿಸಲು ನಿರಾಕರಿಸಿದ ಮುಧೋಳ ಸೀಮೆಯ ಹಲಗಲಿಯ ಬೇಡರ ಮೇಲೆ ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಬಿತ್ತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಅದನ್ನು ಹಾಡಿದ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ, ಇವತ್ತು ಶಾಲೆಯ ಮಕ್ಕಳು ಓದುತ್ತಾರೆ. ಹಾಡು ಉಳಿಯಿತು. ಯಾವ ಆಯುಧಗಳಿಗಾಗಿ ಅಷ್ಟು ಜನ ಸತ್ತರೋ ಅವು ಹೇಗಿದ್ದವು, ಯಾವ ಕಮ್ಮಾರ ಮಾಡಿದ್ದು, ಬತ್ತಿಯವೋ ಚಕಮಕಿಯವೋ ಎಂದು ಒಂದೊಂದಾಗಿ ಹೇಳುವ ಪಟ್ಟಿ ನಮ್ಮ ಪಠ್ಯದಲ್ಲಿಲ್ಲ. ನಾಯಕ ಜನ ದಟ್ಟವಾಗಿರುವ, ದುರ್ಗದ ಪಾಳೆಯಗಾರರ ನೆನಪು ಇನ್ನೂ ಆರದ ಜಗಳೂರು ಸೀಮೆಗೆ ಇದು ದೂರದ ಕಥೆಯಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೈತ್ಯ ಕಲ್ಲುಗಳು ಗುಂಡಿಯೊಳಗೆ ಹಾಗೇ ಕೂತಿವೆ, ಸಾವಿರಾರು ಜನ ಬಂದು ನೋಡುತ್ತಾರೆ. ಆ ಮದ್ದು ತುಂಬಿದ ಕೋವಿಯ ಬಗ್ಗೆ ಕೇಳಿದರೆ ಮಾತು ನಿಲ್ಲುತ್ತದೆ. ಕಲ್ಲನ್ನು ಕರಗಿಸಲಾಗದು, ಅದಕ್ಕೇ ಉಳಿಯಿತು.

ಓದಲು ಬಾರದಿದ್ದರೂ ಇಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಹೊಸನಗರ ತಾಲ್ಲೂಕಿನ ಬಿದನೂರು ನಗರ ಸಾಕ್ಷಿ. 2002ರಲ್ಲಿ ಅಲ್ಲಿ ತುಕ್ಕು ಹಿಡಿದ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕಾಗ ಹಳೆಯ ಫಿರಂಗಿ ಗುಂಡುಗಳೆಂದು ತಿಳಿದಿದ್ದರು. ಗುಜರಿಗೆ ಹಾಕದೆ ಎತ್ತಿಟ್ಟಿದ್ದರಿಂದ ವರ್ಷಗಳ ನಂತರ ಪರಿಶೀಲನೆ ಸಾಧ್ಯವಾಯಿತು: ಅವು ಹೈದರ್, ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳು. 2018ರಲ್ಲಿ ಅಲ್ಲಿನ ಹಾಳು ಬಾವಿಯನ್ನು ರಾಜ್ಯ ಪುರಾತತ್ವ ಇಲಾಖೆ ಅಗೆಸಿದಾಗ ಇನ್ನೂ ಸಾವಿರಕ್ಕೂ ಹೆಚ್ಚು ಸಿಕ್ಕವು. ಟಿಪ್ಪುವಿನ ಕಾಲದ ಕೆತ್ತನೆಯ ಕೋವಿ, ಪಿಸ್ತೂಲುಗಳನ್ನೋ 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತುಕೊಂಡು ಹೋದರು. ಈಗ ಅವುಗಳ ಬಗ್ಗೆ ನಾವು ತಿಳಿಯುವುದು ಇಂಗ್ಲೆಂಡಿನ ಹರಾಜಿನ ಪಟ್ಟಿಗಳಿಂದ.

ಕಾನೂನು ಈ ವಿಷಯದಲ್ಲಿ ಕುರುಡೇನಲ್ಲ. 1959ರ ಶಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಷರತ್ತು ಬಿಗಿ: ರಿಪೇರಿ ಮಾಡಿದರೂ ಗುಂಡು ಹಾರದಂತಿರಬೇಕು. ಎಣ್ಣೆ ಹಚ್ಚಿ ಜೋಪಾನ ಮಾಡಿದ 1915ರ ವೆಬ್ಲಿ ಇಂದಿಗೂ ಹಾರುತ್ತದೆ. ಆದ್ದರಿಂದ ಅದಕ್ಕೆ ವಿನಾಯಿತಿ ಇಲ್ಲ. ಚೆನ್ನಾಗಿ ನೋಡಿಕೊಂಡಷ್ಟೂ ರಕ್ಷಣೆ ದೂರವಾಗುತ್ತದೆ. ಅತ್ತ 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ, ಇತಿಹಾಸದ ಆಸಕ್ತಿಯ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಬಾರದೆನ್ನುತ್ತದೆ. ಒಂದು ಕಾನೂನಿನ ಕಣ್ಣಿಗೆ ನಾಡಿನ ಆಸ್ತಿಯಾಗಬಲ್ಲ ವಸ್ತು ಇನ್ನೊಂದರ ಕಣ್ಣಿಗೆ ಲೈಸೆನ್ಸ್ ತಪ್ಪಿದ ಕಬ್ಬಿಣ. 2016ರ ನಿಯಮಗಳು ವಾರಸುದಾರರಿಗೆ ಲೈಸೆನ್ಸ್ ವರ್ಗಾಯಿಸಲು ದಾರಿ ಬಿಟ್ಟಿವೆ. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ ಹೆಚ್ಚುವರಿಯನ್ನು ವರ್ಷದೊಳಗೆ ಒಪ್ಪಿಸಲು ಹೇಳಿತು. ಬೆಳೆ ಕಾಯುವ ಕೋವಿಯನ್ನು ಬಿಡಲಾಗದ ಮನೆ ಮೊದಲು ಬಿಡುವುದು ಬಳಕೆಯಿಲ್ಲದ ಹಳೆಯದನ್ನೇ. ಸಂಖ್ಯೆ ಇಳಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಒಪ್ಪಿಸಿದ್ದನ್ನು ನೋಡಲು ಒಬ್ಬ ಇತಿಹಾಸ ಬಲ್ಲವನನ್ನೂ ಕೂರಿಸಬೇಕಿತ್ತು.

ಹಾಗಾದರೆ ಹಳೆಯ ರಿವಾಲ್ವರಿನಿಂದ ಗುಂಡು ಹೊಡೆಯಬಹುದೆ? ಸಂಗ್ರಹಕಾರರ ಲೋಕದಲ್ಲಿ ಇದು ಬಿಸಿ ಚರ್ಚೆ. ಹೊಡೆದು ನೋಡದೆ ಯಂತ್ರವನ್ನು ಅರಿತಂತಾಗುವುದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ವೀಣೆಯನ್ನು ಗಾಜಿನೊಳಗಿಟ್ಟು ಅದರ ನಾದ ಅರಿಯಲಾಗದು. ಹೊರದೇಶಗಳಲ್ಲಿ ಕರಿಮದ್ದಿನ ಹಳೆಯ ಬಂದೂಕುಗಳಿಗೇ ಅಂತರರಾಷ್ಟ್ರೀಯ ಸ್ಪರ್ಧೆಗಳು ನಡೆಯುತ್ತವೆ, ಕೇಪಿನ ರಿವಾಲ್ವರಿಗೆ 25 ಮೀಟರಿನ ವಿಭಾಗವಿದೆ. ಆದರೆ ಅವರ ಶಿಸ್ತು ಕಠಿಣ. ಕರಿಮದ್ದು ಉರಿಯುವ ಒತ್ತಡ ಒಂದು ಬಗೆ, ಆಮೇಲೆ ಬಂದ ಹೊಗೆಯಿಲ್ಲದ ಮದ್ದಿನದು ಇನ್ನೊಂದು. ಕರಿಮದ್ದಿಗೆಂದು ಮಾಡಿದ ಸಿಲಿಂಡರಿಗೆ ಹೊಸ ಮದ್ದಿನ ತೋಟಾ ತುಂಬಿದರೆ ಉಕ್ಕು ಸೀಳಿ ಕೈಗೆ ಬರಬಹುದು. ಅಮೆರಿಕದಲ್ಲಿ ಎಷ್ಟೋ ವೆಬ್ಲಿಗಳ ಸಿಲಿಂಡರನ್ನು ಹಿಂದಿನಿಂದ ಸವೆಸಿ .45 ಪಿಸ್ತೂಲಿನ ತೋಟಾ ಕೂರುವಂತೆ ಮಾಡಿದರು. ಆ ತೋಟಾದ ಒತ್ತಡ ವೆಬ್ಲಿಗೆ ಹೆಚ್ಚು, ಹಲವು ಹಾಳಾದವು. ಕುದುರೆ ಎದ್ದಾಗ ಸಿಲಿಂಡರಿನ ಮನೆ ನಳಿಗೆಯ ಬಾಯಿಗೆ ಕೂದಲೆಳೆಯಷ್ಟು ಓರೆಯಾದರೂ ಸೀಸ ಹೆರೆದು ಪಕ್ಕಕ್ಕೆ ಸಿಡಿಯುತ್ತದೆ. ನಮ್ಮಲ್ಲಿ ಸೇನೆಯ ಅಳತೆಗಳಾದ .455, .38ಗಳು ಸಾಮಾನ್ಯ ನಾಗರಿಕನ ಲೈಸೆನ್ಸಿಗೆ ದಕ್ಕುವುದಿಲ್ಲ. ಖಾಸಗಿ ರಿವಾಲ್ವರ್ ಎಂದರೆ ಬಹುಪಾಲು .32. ಹೀಗಿರುವಾಗ ಹೊಡೆಯುವ ಹಕ್ಕಿಗಾಗಿ ಹೋರಾಡುವುದಕ್ಕಿಂತ ಉಳಿಸುವ ಹಕ್ಕನ್ನು ಮೊದಲು ಕೇಳಬೇಕು. ಗಟ್ಟಿಮುಟ್ಟಾದ ಒಂದೆರಡನ್ನು, ಬಲ್ಲವರ ಉಸ್ತುವಾರಿಯಲ್ಲಿ, ಶೂಟಿಂಗ್ ರೇಂಜಿನೊಳಗೆ ಮಾತ್ರ ಹೊಡೆದು ನೋಡಿ ದಾಖಲಿಸಿದರೆ ಸಾಕು. ಜಾತ್ರೆಯ, ಮದುವೆ ಮೆರವಣಿಗೆಯ ಗಾಳಿಗುಂಡಿಗೆ ಇದರಲ್ಲಿ ಎಳ್ಳಷ್ಟೂ ಜಾಗವಿಲ್ಲ.

ಆಕ್ಷೇಪಗಳಲ್ಲಿ ಮೊದಲನೆಯದು ಅತ್ಯಂತ ಭಾರವಾದದ್ದು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಗುಂಡಿಕ್ಕಿ ಕೊಂದ ನಾಡಿನಲ್ಲಿ ಬಂದೂಕಿನ ಪರವಾಗಿ ಹೇಗೆ ಬರೆಯುವುದು? ಶಾಸನಗಳನ್ನೇ ಬದುಕಾಗಿಸಿಕೊಂಡ ವಿದ್ವಾಂಸ ಗುಂಡಿಗೆ ಬಲಿಯಾದ ಮೇಲೆ ಉಕ್ಕನ್ನು ಶಾಸನವೆಂದು ಕರೆಯುವ ಮುನ್ನ ಯಾರಾದರೂ ತಡೆದು ಯೋಚಿಸಬೇಕು. ಯೋಚಿಸಿಯೇ ಹೇಳುತ್ತಿದ್ದೇನೆ. ಆ ಎರಡೂ ಕೊಲೆಗಳಿಗೆ ಬಳಕೆಯಾದದ್ದು 7.65 ಎಂ.ಎಂ. ನಾಡ ಪಿಸ್ತೂಲು, ಎರಡರಲ್ಲೂ ಒಂದೇ ಆಯುಧ ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಲೈಸೆನ್ಸಿನ ಪುಸ್ತಕದಲ್ಲಿರುವ ಹಳೆಯ ರಿವಾಲ್ವರ್‌ಗೂ ಆ ಕಳ್ಳ ತಯಾರಿಕೆಗೂ ಸಂಬಂಧವಿಲ್ಲ. ಇನ್ನೂ ಮುಖ್ಯವಾದ ಸಂಗತಿ, ಎರಡು ಊರಿನ ಎರಡು ಕೊಲೆಗಳನ್ನು ಜೋಡಿಸಿದ್ದು ಗುಂಡು ಮತ್ತು ತೋಟಾಗಳ ಮೇಲೆ ಪಿಸ್ತೂಲು ಬಿಟ್ಟ ಗೀರುಗಳು. ಆ ಗೀರನ್ನು ಓದುವ ವಿದ್ಯೆ ಬೆಳೆಯುವುದು ಆಯುಧಗಳನ್ನು ಗುರುತಿಸಿ, ಹೋಲಿಸಿ, ಬರೆದಿಟ್ಟುಕೊಂಡಾಗ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಕೊಲೆ ನಡೆಯುವುದಿಲ್ಲವೆ ಎಂದು ಮರುಪ್ರಶ್ನೆ ಬರುತ್ತದೆ. ನಡೆಯುತ್ತದೆ. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದವನ ಕೈಬಂದೂಕುಗಳಿಗೆಲ್ಲ ಲೈಸೆನ್ಸ್ ಇತ್ತು. ಬ್ರಿಟನ್ ಅದರ ನಂತರ ಖಾಸಗಿ ಕೈಬಂದೂಕನ್ನೇ ಹೆಚ್ಚುಕಡಿಮೆ ನಿಷೇಧಿಸಿತು. ಅಂಥ ದುಃಖದ ನಡುವೆ ತಂದ 1997ರ ಕಾನೂನಿನಲ್ಲೂ 7ನೇ ಸೆಕ್ಷನ್ ಎಂಬುದೊಂದಿದೆ: 1919ಕ್ಕಿಂತ ಮುಂಚಿನ ಕೈಬಂದೂಕನ್ನು ತೋಟಾ ಇಲ್ಲದೆ ಮನೆಯಲ್ಲಿಡಬಹುದು; ಐತಿಹಾಸಿಕ ಮಹತ್ವದ್ದನ್ನು ಗೊತ್ತುಪಡಿಸಿದ ಸ್ಥಳದಲ್ಲಿಟ್ಟು ಅಲ್ಲೇ ಹೊಡೆಯಬಹುದು. ಹಳೆಯ ಬಂದೂಕಿಗೆ ಕಳ್ಳತನದಲ್ಲಿ ತೋಟಾ ಮಾಡಿ ಅಪರಾಧಕ್ಕೆ ಬಳಸುವುದು ಕಂಡುಬಂದಾಗ, 2021ರಲ್ಲಿ ಏಳು ಬಗೆಯ ತೋಟಾದ ಬಂದೂಕುಗಳನ್ನು ಪುರಾತನದ ವಿನಾಯಿತಿಯಿಂದ ತೆಗೆದರು. ಅಪಾಯ ಕಂಡಲ್ಲಿ ಬಿಗಿದರು, ಇತಿಹಾಸದ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ.

ಬೇಟೆಗೆ ಬಳಕೆಯಾದೀತೆಂಬ ಕಾಡಿನ ಕಡೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿ 2011ರಲ್ಲಿ ಘೋಷಿಸಿದ ಅಭಯಾರಣ್ಯವಿದೆ, ಅದರ ಸುತ್ತ ಒಂದು ಗುಂಡೂ ಹಾರಕೂಡದು. ಗಿಡ್ಡ ನಳಿಗೆಯ ಹಳೆಯ ರಿವಾಲ್ವರ್ ಶಿಕಾರಿಗೆ ಒದಗುವ ವಸ್ತುವೂ ಅಲ್ಲ. ಅಲ್ಲಿ ಹೆದರಬೇಕಾದದ್ದು ಉರುಳು, ಸಿಡಿಮದ್ದು, ಲೆಕ್ಕಕ್ಕಿಲ್ಲದ ನಾಡಬಂದೂಕು.

ಇನ್ನೊಂದು ಆಕ್ಷೇಪವೂ ನನಗೆ ಗಂಭೀರವೆನಿಸುತ್ತದೆ. ರಿವಾಲ್ವರ್ ಯಾರದ್ದಾಗಿತ್ತು? ದೊರೆಯದು, ಅಮಲ್ದಾರನದು, ಜಮೀನ್ದಾರನದು. ಹೊಲದಲ್ಲಿ ದುಡಿದವನದಲ್ಲ. ಕೊಡಗಿನಲ್ಲಿ ಕೋವಿ ಜನಜೀವನದೊಳಗಿದೆ; 1861ರಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸುತ್ತಾರೆ. ಬಯಲುಸೀಮೆಯಲ್ಲಿ ಕೈಬಂದೂಕಿಗೆ ಅಂಥ ಬಾಂಧವ್ಯವಿಲ್ಲ. ಅದು ಬೆದರಿಕೆಯ ವಸ್ತುವಾಗಿತ್ತು. ದುರ್ಗದ ಅಷ್ಟೆಲ್ಲ ಆಯುಧಗಳಲ್ಲಿ ಜನ ಎದೆಗಪ್ಪಿಕೊಂಡದ್ದು ಓಬವ್ವನ ಒನಕೆಯನ್ನು ಎಂಬುದನ್ನು ಮರೆಯಲಾಗದು. ಆದರೆ ಬೆದರಿಕೆಯ ಕುರುಹು ಅಳಿಸಿದರೆ ಲಾಭ ಯಾರಿಗೆ? ಬೆದರಿಸಿದವನ ಮನೆತನಕ್ಕೆ. ಬಿಟ್ಟಿ ಚಾಕರಿಯ ಕಾಲದ ಗೌಡಿಕೆಯ ಮನೆಯಲ್ಲಿ ಯಾವ ವರ್ಷದ ರಿವಾಲ್ವರ್ ಇತ್ತು, ಅದಕ್ಕೆ ಯಾವ ಅಧಿಕಾರಿ ಲೈಸೆನ್ಸ್ ಕೊಟ್ಟ ಎಂಬುದು ಬಡವನ ಇತಿಹಾಸಕ್ಕೂ ಬೇಕಾದ ಪುರಾವೆ. ವೈಭವೀಕರಣದ ಭಯ ನಿಜ. ಅದಕ್ಕೆ ಮದ್ದು ವಸ್ತುವಿನ ಪಕ್ಕದಲ್ಲಿ ಪೂರ್ತಿ ಕಥೆ ಬರೆಯುವುದು.

ಇದಕ್ಕೆ ಹೊಸ ಇಲಾಖೆ ಬೇಡ, ದೊಡ್ಡ ದುಡ್ಡೂ ಬೇಡ. ಜಿಲ್ಲಾಧಿಕಾರಿಯ ಮುಟ್ಟುಗೋಲು ಆದೇಶಕ್ಕೂ ನಾಶಕ್ಕೂ ನಡುವೆ ಪುರಾತತ್ವ ಇಲಾಖೆಯ ಒಬ್ಬರು ಬಂದು ನೋಡುವ ಒಂದು ಹಂತ ಸೇರಿಸಬೇಕು. ಅಪರೂಪದ್ದು ಹಾಗೇ ವಸ್ತುಸಂಗ್ರಹಾಲಯಕ್ಕೆ ಹೋಗಲಿ. ಚಿತ್ರದುರ್ಗದ ರಂಗಯ್ಯನ ಬಾಗಿಲ ಬಳಿಯ ಸರ್ಕಾರಿ ಸಂಗ್ರಹಾಲಯ ಸೊಕ್ಕೆಗೆ ದೂರವೇನಲ್ಲ. ಸಾಧಾರಣದ್ದನ್ನು ಮನೆಯವರು ನೆನಪಿಗೆಂದು ಕೇಳಿದರೆ ಹಾರದಂತೆ ಮಾಡಿ ಕೊಡಲಿ. ಹಾಗೆ ಮಾಡುವಾಗ ನಳಿಗೆಗೆ ತೂತು ಕೊರೆದು ಬೆಸುಗೆ ಹಾಕಿ ವಸ್ತುವನ್ನೇ ಕೆಡಿಸುವ ಬದಲು ಬೇರೆ ದಾರಿ ಹುಡುಕಬಹುದು: ಹಳೆಯ ವೆಬ್ಲಿಯಲ್ಲಿ ತೋಟಾಕ್ಕೆ ಬಡಿಯುವ ಮೊಳೆ ಕುದುರೆಯ ಮೂತಿಯಲ್ಲೇ ಇರುತ್ತದೆ, ಕುದುರೆಯನ್ನು ಬಿಚ್ಚಿ ಖಜಾನೆಯಲ್ಲಿ ಬೇರೆಯಾಗಿ ಇಟ್ಟರೆ ಉಳಿದದ್ದು ಮನೆಯಲ್ಲಿ ನಿರಪಾಯವಾಗಿರುತ್ತದೆ. ಉಳಿಸಲು ಸಾಧ್ಯವೇ ಇಲ್ಲದ್ದನ್ನು ಕರಗಿಸಲಿ, ಆದರೆ ಎಡ, ಬಲ, ನೆತ್ತಿ, ಹಿಡಿಯ ಕೆಳಭಾಗದ ನಾಲ್ಕು ಚಿತ್ರ ತೆಗೆದ ಮೇಲೆ. ಪ್ರತಿ ಚುನಾವಣೆಗೂ ಜಗಳೂರಿನ ಆಯುಧಗಳು ತಾವಾಗಿಯೇ ಒಂದೆಡೆ ಸೇರುತ್ತವೆ. ಠಾಣೆಯ ರಸೀದಿಯಲ್ಲಿ ನಂಬರಿನ ಕೆಳಗೆ ಇನ್ನೆರಡು ಸಾಲಿಗೆ ಜಾಗ ಮಾಡಿಕೊಂಡರೆ, ತಯಾರಕನ ಮುದ್ರೆ ಮತ್ತು ಮಾರಿದ ಅಂಗಡಿಯ ಹೆಸರನ್ನು ಮುಂದಿನ ಚುನಾವಣೆಯಲ್ಲೇ ಬರೆದುಕೊಳ್ಳಬಹುದು.